ಕಲ್ಪನಾ ಅವರಿಗೆ ರಾಷ್ಟ್ರಪ್ರಶಸ್ತಿ ಬರಬೇಕಿತ್ತಾ?

ನೀವು ಕೇಳಿರುವುದು ಇಷ್ಟು: ಮಿನುಗುತಾರೆ ಕಲ್ಪನಾ ಅವರಿಗೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಒಮ್ಮೆಯೂ ಸಿಗಲಿಲ್ಲ. ಅವರಿಗೆ ನಿಜಕ್ಕೂ ಅದು ಸಲ್ಲಬೇಕಿತ್ತಾ, ಇಲ್ಲ ಇದು ಸುಮ್ನೆ ಅಭಿಮಾನಿಗಳ ಗೊಣಗಾಟವಾ?

ಸಲ್ಲಬೇಕಿತ್ತು. ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ 1971ರ ‘ಶರಪಂಜರ’ಕ್ಕೇ ಸಲ್ಲಬೇಕಿತ್ತು. ಇದನ್ನು ಹೇಳುವವರು ತುಂಬಾ ಜನ ಇದ್ದಾರೆ, ನಾನೂ ಅವರಲ್ಲಿ ಒಬ್ಬ. ಆದರೆ ಅವರು ಕೊಡುವ ಕಾರಣ ಬೇರೆ, ನನ್ನ ಕಾರಣ ಬೇರೆ.

ಮೊದಲು ಆ ವರ್ಷ ಯಾರ್‍ಯಾರಿಗೆ ಬಂತು ನೋಡಿ. ಅತ್ಯುತ್ತಮ ನಟಿ ವಹೀದಾ ರೆಹಮಾನ್, ‘ರೇಷ್ಮಾ ಔರ್ ಶೇರಾ’ ಚಿತ್ರಕ್ಕೆ. ಅತ್ಯುತ್ತಮ ನಟ ಎಂ.ಜಿ. ರಾಮಚಂದ್ರನ್, ‘ರಿಕ್ಷಾಕಾರನ್’ ಚಿತ್ರಕ್ಕೆ. ಅತ್ಯುತ್ತಮ ನಿರ್ದೇಶನ ನಮ್ಮವರಿಗೇ ಬಂತು. ‘ವಂಶವೃಕ್ಷ’ ಮಾಡಿದ ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತ ಇಬ್ಬರಿಗೂ.

ಕಲ್ಪನಾ ವಿಷಯ ಬಂದಾಗೆಲ್ಲ ಎರಡು ಸಬೂಬು ಕೇಳಿಸುತ್ತವೆ. ಒಂದು, ಆಗ ದೆಹಲಿಯಲ್ಲಿ ಪ್ರಶಸ್ತಿ ಕೊಡುವವರಿಗೆ ಕನ್ನಡ ಸಿನಿಮಾ ಕಣ್ಣಿಗೇ ಬೀಳುತ್ತಿರಲಿಲ್ಲ ಅನ್ನುವುದು. ಇದು ಸುಳ್ಳು. ಅದರ ಹಿಂದಿನ ವರ್ಷವಷ್ಟೇ ‘ಸಂಸ್ಕಾರ’ ದೇಶದ ಅತ್ಯುತ್ತಮ ಚಿತ್ರ ಅನ್ನಿಸಿಕೊಂಡಿತ್ತು. ಮುಂದೆ ‘ಚೋಮನ ದುಡಿ’, ‘ಘಟಶ್ರಾದ್ಧ’ ಕೂಡ ಅದೇ ಪ್ರಶಸ್ತಿ ಪಡೆದವು. ಚೋಮನ ಪಾತ್ರಕ್ಕೆ ಎಂ.ವಿ. ವಾಸುದೇವರಾವ್ ಅತ್ಯುತ್ತಮ ನಟನಾದರು. ಎಪ್ಪತ್ತರ ದಶಕದಲ್ಲಿ ಕನ್ನಡಕ್ಕೆ ಸಿಕ್ಕಷ್ಟು ಮರ್ಯಾದೆ ಆಮೇಲೆ ಸಿಕ್ಕಿದ್ದೇ ಕಡಿಮೆ.

ಎರಡನೆಯದು, ಅವರಿಗೆ ಬೇಕಾಗಿದ್ದದ್ದು ಹೊಸ ಅಲೆಯ, ಅಂದರೆ ಕಲಾತ್ಮಕ ಚಿತ್ರಗಳು. ಹಾಡು, ಕಣ್ಣೀರು, ಮೆಲೊಡ್ರಾಮಾ ಇರುವ ಪುಟ್ಟಣ್ಣ ಕಣಗಾಲರ ಚಿತ್ರ ಅಲ್ಲ ಅನ್ನುವುದು. ಇದರಲ್ಲಿ ಸ್ವಲ್ಪ ಹುರುಳಿದೆ. ಇಲ್ಲಿಯವರೆಗೆ ಕನ್ನಡ ಚಿತ್ರದ ಅಭಿನಯಕ್ಕೆ ಅತ್ಯುತ್ತಮ ನಟಿ ಪ್ರಶಸ್ತಿ ಪಡೆದ ಮೂವರನ್ನೇ ನೋಡಿ. ‘ಕಾಡು’ ಚಿತ್ರದ ನಂದಿನಿ ಭಕ್ತವತ್ಸಲ, ‘ಹಸೀನಾ’ದ ತಾರಾ, ‘ಗುಲಾಬಿ ಟಾಕೀಸ್’ನ ಉಮಾಶ್ರೀ. ಮೊದಲನೆಯದು ಕಾರ್ನಾಡರದು, ಉಳಿದೆರಡು ಗಿರೀಶ ಕಾಸರವಳ್ಳಿಯವರದು. ಮುಖ್ಯವಾಹಿನಿಯ ಚಿತ್ರ ಒಂದೂ ಇಲ್ಲ. ಸರಿ, ಒಪ್ಪೋಣ. ಹಾಗಿದ್ದರೆ ‘ರಿಕ್ಷಾಕಾರನ್’ ಯಾವ ಹೊಸ ಅಲೆ? ಎಂಜಿಆರ್ ಹಾಡಿ, ಹೊಡೆದಾಡಿ, ಜನರ ಶಿಳ್ಳೆ ಗಿಟ್ಟಿಸಿದ ಚಿತ್ರ ಅದು. ಪ್ರಶಸ್ತಿ ಕೊಡುವವರಿಗೆ ಆ ವರ್ಷ ಜನಪ್ರಿಯ ಸಿನಿಮಾ ಅಂದರೆ ಅಲರ್ಜಿ ಏನೂ ಇರಲಿಲ್ಲ, ಅಲ್ವಾ?

ಇನ್ನೂ ಒಂದು ವಿಷಯ ಇದೆ. ರಾಷ್ಟ್ರಪ್ರಶಸ್ತಿಯಲ್ಲಿ ಅತ್ಯುತ್ತಮ ನಟಿ ಅನ್ನುವ ವಿಭಾಗ ಶುರುವಾಗಿದ್ದೇ 1967ರ ಚಿತ್ರಗಳಿಂದ. ಆಗ ಅದಕ್ಕೆ ಊರ್ವಶಿ ಪ್ರಶಸ್ತಿ ಎಂದು ಹೆಸರು. ಅದನ್ನು ಮೊದಲು ಪಡೆದವರು ನರ್ಗಿಸ್, ‘ರಾತ್ ಔರ್ ದಿನ್’ ಚಿತ್ರಕ್ಕೆ. ಅಲ್ಲಿ ಅವರದು ಹಗಲು ಗೃಹಿಣಿಯಾಗಿದ್ದು ರಾತ್ರಿ ಬೇರೆಯೇ ಹೆಂಗಸಾಗುವ ಮಾನಸಿಕ ರೋಗಿಯ ಪಾತ್ರ. ಮನಸ್ಸು ಕದಡಿದ ಹೆಂಗಸಿನ ಪಾತ್ರಕ್ಕೆ ಈ ಪ್ರಶಸ್ತಿಯ ಬಾಗಿಲು ಮೊದಲ ದಿನದಿಂದಲೇ ತೆರೆದಿತ್ತು. ನಾಲ್ಕು ವರ್ಷದ ನಂತರ ಅದಕ್ಕಿಂತ ಎಷ್ಟೋ ನಂಬುವಂತಹ ಪಾತ್ರವನ್ನು ಕಲ್ಪನಾ ಮಾಡಿದರು. ‘ರಾತ್ ಔರ್ ದಿನ್’ನಲ್ಲಿ ರೋಗ ಒಂದು ಚಮತ್ಕಾರ, ಪ್ರೇಕ್ಷಕರಿಗೆ ಕುತೂಹಲ. ‘ಶರಪಂಜರ’ದಲ್ಲಿ ಅದು ಪಕ್ಕದ ಮನೆಯಲ್ಲಿ ನಡೆಯುವ ಸಂಗತಿ.

ಇದರ ಅರ್ಧ ಶ್ರೇಯಸ್ಸು ಕಾದಂಬರಿ ಬರೆದ ತ್ರಿವೇಣಿಯವರದು. ಅವರು ಮನಃಶಾಸ್ತ್ರ ಓದಿದವರು. 1963ರಲ್ಲೇ, ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡರು. ಅವರ ‘ಬೆಳ್ಳಿ ಮೋಡ’, ‘ಹಣ್ಣೆಲೆ ಚಿಗುರಿದಾಗ’, ‘ಶರಪಂಜರ’ ಮೂರೂ ಸಿನಿಮಾ ಆದವು. ಮೂರರಲ್ಲೂ ಕಲ್ಪನಾ ಇದ್ದರು. ಒಂದನ್ನೂ ನೋಡಲು ತ್ರಿವೇಣಿ ಇರಲಿಲ್ಲ.

ಈಗ ಅಭಿನಯಕ್ಕೆ ಬರೋಣ. ಕಥೆ ನಿಮಗೆ ಗೊತ್ತಿರಬಹುದು. ಕಾವೇರಿ ಒಳ್ಳೆಯ ಮನೆ ಸೇರಿದ, ಗಂಡನಿಗೆ ಅಚ್ಚುಮೆಚ್ಚಿನ ಹುಡುಗಿ. ಬಾಣಂತನದ ಹೊತ್ತಿಗೆ ಮನಸ್ಸು ಕೆಡುತ್ತದೆ. ಆಸ್ಪತ್ರೆಗೆ ಸೇರಿಸುತ್ತಾರೆ, ವಾಸಿಯಾಗುತ್ತದೆ, ಮನೆಗೆ ಬರುತ್ತಾಳೆ. ಆದರೆ ಅವಳು ವಾಸಿಯಾದಳು ಅಂತ ಮನೆಯವರಾಗಲಿ ಊರವರಾಗಲಿ ನಂಬುವುದಿಲ್ಲ. ಗಂಡನೂ ದೂರವಾಗಿದ್ದಾನೆ, ಬೇರೆ ಹೆಣ್ಣಿನ ಕಡೆ ವಾಲಿದ್ದಾನೆ. ಕೊನೆಗೆ ಮತ್ತೆ ಆಸ್ಪತ್ರೆಯೇ.

ಆ ಕೊನೆಯ ಕೂಗಾಟವನ್ನೇ ಎಲ್ಲರೂ ನೆನಪಿಟ್ಟುಕೊಂಡಿರುವುದು. ಮಿಮಿಕ್ರಿ ಮಾಡುವವರು ಎತ್ತಿಕೊಳ್ಳುವುದೂ ಅದನ್ನೇ. ಪ್ರಶಸ್ತಿ ಬರಬೇಕಿತ್ತು ಅನ್ನುವವರಲ್ಲಿ ಹೆಚ್ಚಿನವರು ಬೆರಳು ತೋರಿಸುವುದೂ ಅಲ್ಲಿಗೇ. ನನಗೆ ಹಾಗನ್ನಿಸುವುದಿಲ್ಲ. ಅತ್ತು ಕೂಗುವುದು ಕಷ್ಟವೇ, ಆದರೆ ಅದನ್ನು ಮಾಡಬಲ್ಲ ನಟಿಯರು ಆಗ ಇನ್ನೂ ನಾಲ್ಕೈದು ಜನ ಇದ್ದರು. ಕಲ್ಪನಾ ಎಷ್ಟು ದೊಡ್ಡ ನಟಿ ಅಂತ ಗೊತ್ತಾಗುವುದು ಮಧ್ಯದ ಭಾಗದಲ್ಲಿ, ಕಾವೇರಿ ಆಸ್ಪತ್ರೆಯಿಂದ ಬಂದ ಮೇಲಿನ ದೃಶ್ಯಗಳಲ್ಲಿ. ತಾನು ಸರಿಯಾಗಿದ್ದೇನೆ ಅಂತ ಪ್ರತಿ ಕ್ಷಣವೂ ತೋರಿಸಿಕೊಳ್ಳಬೇಕಾದ ಹೆಂಗಸು ಹೇಗಿರುತ್ತಾಳೆ? ಜೋರಾಗಿ ನಕ್ಕರೆ ಹುಚ್ಚು, ಸಿಟ್ಟು ಬಂದರೆ ಹುಚ್ಚು, ಸುಮ್ಮನೆ ಕೂತರೂ ಹುಚ್ಚು. ಮೊದಲ ಭಾಗದಲ್ಲಿ ಚಟಪಟ ಮಾತಾಡುತ್ತಿದ್ದ ಕಾವೇರಿ ಇಲ್ಲಿ ಮಾತನ್ನು ಅಳೆದು ಆಡುತ್ತಾಳೆ. ನಕ್ಕ ತಕ್ಷಣ ಎದುರಿನವರ ಮುಖ ನೋಡುತ್ತಾಳೆ. ವನವಾಸ ಮುಗಿಸಿ ಬಂದ ಸೀತೆಯ ಹಾಡಿನಲ್ಲಿ ಅವರ ಮುಖ ಗಮನಿಸಿ. ಹಾಡುತ್ತಿರುವುದು ತನ್ನ ಕಥೆಯನ್ನೇ ಅಂತ ಅವಳಿಗೂ ಗೊತ್ತು, ಕೇಳುವವರಿಗೂ ಗೊತ್ತು. ನನ್ನ ಕೈಯಲ್ಲಿದ್ದರೆ ಈ ಭಾಗಕ್ಕೇ ಪ್ರಶಸ್ತಿ ಕೊಡುತ್ತಿದ್ದೆ.

ವಹೀದಾ ರೆಹಮಾನ್ ಬಗ್ಗೆ ನನಗೆ ತಕರಾರಿಲ್ಲ. ಮಹಾನ್ ನಟಿ. ಅವರ ‘ಗೈಡ್’ ಬಂದದ್ದು 1965ರಲ್ಲಿ, ಆಗ ಈ ವಿಭಾಗವೇ ಇರಲಿಲ್ಲ. ಆದರೆ ‘ರೇಷ್ಮಾ ಔರ್ ಶೇರಾ’ ಮರುಭೂಮಿಯ, ಎರಡು ಮನೆತನಗಳ ಹಗೆಯ ಚಿತ್ರ. ಅದೇ ಚಿತ್ರದ ಸಂಗೀತಕ್ಕೂ ಛಾಯಾಗ್ರಹಣಕ್ಕೂ ರಾಷ್ಟ್ರಪ್ರಶಸ್ತಿ ಬಂತು, ಅವೆರಡೂ ಸರಿಯಾದವೇ. ಇಡೀ ಚಿತ್ರವನ್ನು ವಹೀದಾ ಒಬ್ಬರೇ ಹೊತ್ತಿಲ್ಲ. ‘ಶರಪಂಜರ’ದಿಂದ ಕಲ್ಪನಾರನ್ನು ತೆಗೆದರೆ ಮಿಕ್ಕುವುದೇನು?

ಕಲ್ಪನಾ ಅವರದು ಅತಿಯಾದ ಅಭಿನಯ ಅನ್ನುವ ದೂರೂ ಇದೆ. ನಂತರದ ಕೆಲವು ಚಿತ್ರಗಳಿಗೆ ಅದು ಒಪ್ಪುವ ಮಾತೇ. ‘ಶರಪಂಜರ’ದ ನಂತರ ಅವರೂ ಪುಟ್ಟಣ್ಣನವರೂ ಒಟ್ಟಿಗೆ ಕೆಲಸ ಮಾಡಲಿಲ್ಲ. ಕಣ್ಣು ತಿರುಗಿಸುವುದು, ಸಾಲಿನ ಕೊನೆಯ ಪದವನ್ನು ಎಳೆಯುವುದು, ಇವೆಲ್ಲ ಆಮೇಲೆ ಅಭ್ಯಾಸವಾಗಿಬಿಟ್ಟವು. ಇಷ್ಟು ಸಾಕು ಅಂತ ಹೇಳುವ ನಿರ್ದೇಶಕ ಪಕ್ಕದಲ್ಲಿರಲಿಲ್ಲ. ಆದರೆ ಕನ್ನಡ ಬಾರದವರು ಅವರನ್ನು ನೋಡಿದರೆ ಒಳ್ಳೆಯ ಚಿತ್ರಗಳಲ್ಲೂ ಅತಿ ಅನ್ನಿಸಬಹುದು. ಯಾಕೆಂದರೆ ಅವರ ಅರ್ಧ ಅಭಿನಯ ದನಿಯಲ್ಲಿದೆ. ಸಬ್‌ಟೈಟಲ್ ಓದುವವರಿಗೆ ಕಣ್ಣು ಮಾತ್ರ ಕಾಣುತ್ತದೆ, ಆ ದನಿಯ ಏರಿಳಿತ ಕೈತಪ್ಪುತ್ತದೆ.

‘ಕಾವೇರಿ ಅಂದರೆ ಕಲ್ಪನಾನೇ, ಅವರ ಬದುಕೇ ಹಾಗಿತ್ತಲ್ಲ’ ಅನ್ನುವ ಮಾತಂತೂ ನನಗೆ ಹಿಡಿಸುವುದಿಲ್ಲ. ಅವರು ತೀರಿಕೊಂಡದ್ದು 1979ರಲ್ಲಿ, ಚಿತ್ರ ಬಂದು ಎಂಟು ವರ್ಷದ ಮೇಲೆ. ಆ ಸಾವನ್ನು ಹಿಂದಕ್ಕೆ ತಂದು ಪಾತ್ರಕ್ಕೆ ಅಂಟಿಸಿದರೆ ಅವರ ಶ್ರಮಕ್ಕೆ ಬೆಲೆ ಇಲ್ಲದಂತಾಗುತ್ತದೆ. ಅವರು ಮಾಡಿದ್ದು ನಟನೆ.

‘ಗೆಜ್ಜೆಪೂಜೆ’ಯ ಕಥೆ ಇನ್ನೂ ವಿಚಿತ್ರ. 1969ರ ಚಿತ್ರ, ಎಂ.ಕೆ. ಇಂದಿರಾ ಅವರ ಕಾದಂಬರಿ. ಅದರ ಚಿತ್ರಕಥೆಗಾಗಿ ಪುಟ್ಟಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅತ್ಯುತ್ತಮ ಕನ್ನಡ ಚಿತ್ರ ಅಂತಲೂ ಆಯ್ತು. ಅಂದರೆ ಆ ಚಿತ್ರವನ್ನು ಗಮನವಿಟ್ಟು ನೋಡಿದ್ದಾರೆ. ನಾಯಕಿ ಚಂದ್ರಾಳಾಗಿ ಕಲ್ಪನಾ ಕಣ್ಣೆದುರಿಗೇ ಇದ್ದಾರೆ. ನಟಿ ಪ್ರಶಸ್ತಿ ಆ ವರ್ಷ ಬಂಗಾಳಿಯ ಮಾಧಬಿ ಮುಖರ್ಜಿಗೆ ಹೋಯಿತು. ‘ಚಾರುಲತಾ’ ಮಾಡಿದ ನಟಿ, ಅವರ ಎದುರು ಸೋತರೆ ಅವಮಾನವೇನಿಲ್ಲ. ಹಾಗಾಗಿ ಆ ವರ್ಷದ್ದನ್ನು ನಾನು ಜಗಳಕ್ಕೆ ತರುವುದಿಲ್ಲ. 1971ರದ್ದಕ್ಕೆ ಮಾತ್ರ ಬಿಡುವುದಿಲ್ಲ.

ಇನ್ನು ನೀವು ಅವರನ್ನು ‘ಕಡೆಗಣಿಸಲ್ಪಟ್ಟ ನಟಿ’ ಅಂದಿದ್ದೀರಿ. ಕರ್ನಾಟಕದಲ್ಲಿ ಅವರನ್ನು ಯಾರೂ ಕಡೆಗಣಿಸಲಿಲ್ಲ. ರಾಜ್ಯ ಪ್ರಶಸ್ತಿ ಒಂದಕ್ಕಿಂತ ಹೆಚ್ಚು ಬಾರಿ ಬಂತು, ಅವರ ಸೀರೆ, ರವಿಕೆ ನೋಡಿ ಹೊಲಿಸಿಕೊಂಡವರು ಎಷ್ಟೋ ಜನ. ಗಡಿ ದಾಟಿದರೆ ಮಾತ್ರ ಅವರ ಹೆಸರು ಯಾರಿಗೂ ಗೊತ್ತಿಲ್ಲ. ನಿಜಕ್ಕೂ ಇಲ್ಲೂ ಕಡಿಮೆ ಮಾತಾಡುವ ಒಂದು ಹೆಸರು ಬೇಕಿದ್ದರೆ, ‘ಎಡಕಲ್ಲು ಗುಡ್ಡದ ಮೇಲೆ’ಯ ಜಯಂತಿ. 1973. ಮದುವೆಯಾಚೆ ಬೇರೆ ಗಂಡಸಿನ ಕಡೆ ಮನಸ್ಸು ಹರಿಸುವ ಮಾಧವಿಯ ಪಾತ್ರವನ್ನು ಒಪ್ಪಿಕೊಳ್ಳುವುದಕ್ಕೇ ಆಗ ಧೈರ್ಯ ಬೇಕಿತ್ತು. ಆ ವರ್ಷ ಪ್ರಶಸ್ತಿ ನಂದಿನಿ ಭಕ್ತವತ್ಸಲ ಅವರಿಗೆ ಬಂತು. ಕನ್ನಡಕ್ಕೇ ಬಂತಲ್ಲ ಅಂತ ಯಾರೂ ಜಯಂತಿಯ ಪರವಾಗಿ ದನಿ ಎತ್ತಲಿಲ್ಲವೇನೋ. ಅದರ ಬಗ್ಗೆ ಬೇರೆ ಪ್ರಶ್ನೆ ಹಾಕಿ, ಬರೆಯುತ್ತೇನೆ.

‘ಶರಪಂಜರ’ ಇನ್ನೂ ನೋಡಿಲ್ಲದಿದ್ದರೆ ನೇರವಾಗಿ ಅದಕ್ಕೇ ಕೈಹಾಕಬೇಡಿ. ಮೊದಲು ‘ಬೆಳ್ಳಿ ಮೋಡ’ ನೋಡಿ, ಆಮೇಲೆ ‘ಗೆಜ್ಜೆಪೂಜೆ’, ಕೊನೆಗೆ ಇದು. ಮತ್ತೆ, ದಯವಿಟ್ಟು ಕ್ಲೈಮ್ಯಾಕ್ಸ್ ತುಣುಕನ್ನಷ್ಟೇ ಯೂಟ್ಯೂಬಲ್ಲಿ ನೋಡಿ ತೀರ್ಪು ಕೊಡಬೇಡಿ.