ಅಡುಗೆಮನೆ, ಬೀರು, ಗೋದಾಮು: ಪತಂಗದ ಕಾಟಕ್ಕೆ ಏನು ಮಾಡಬೇಕು?

ಪತಂಗಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಎಲ್ಲ ಉತ್ತರಗಳಿಗೂ ಸಲ್ಲುವ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಇಲ್ಲಿ ಬರುವ ಯಾವ ಪತಂಗವೂ ರೆಕ್ಕೆ ಬಂದ ಮೇಲೆ ಕಾಳನ್ನಾಗಲಿ ಬಟ್ಟೆಯನ್ನಾಗಲಿ ತಿನ್ನುವುದಿಲ್ಲ. ತಿನ್ನುವುದೆಲ್ಲ ಮರಿಹುಳು. ಹಾರುವುದಕ್ಕೆ ಸ್ಪ್ರೇ ಹೊಡೆದು, ಹುಳು ಮೇಯುವ ಜಾಗವನ್ನು ಹಾಗೇ ಬಿಟ್ಟರೆ ಕಾಟ ತಪ್ಪದು.

ಪ್ರಶ್ನೆ: ಅಡುಗೆಮನೆಯ ಟ್ಯೂಬ್‌ಲೈಟ್ ಸುತ್ತ ಬೂದು ಬಣ್ಣದ ಸಣ್ಣ ಚಿಟ್ಟೆಗಳು ಹಾರುತ್ತವೆ. ಗೋಡೆ ಹತ್ತಿ ಸೂರಿನ ಮೂಲೆಗೆ ಹೋಗುವ ಬಿಳಿ ಹುಳುಗಳೂ ಕಾಣುತ್ತವೆ. ಹುಳು ಬಿದ್ದ ರವೆ ಡಬ್ಬಿ ಚೆಲ್ಲಿ ಮೂರು ವಾರವಾಯಿತು, ಆದರೂ ನಿಂತಿಲ್ಲ. ಎಲ್ಲಿಂದ ಬರುತ್ತಿವೆ? – ಗೃಹಿಣಿ, ದಾವಣಗೆರೆ

ಉತ್ತರ: ಮೊದಲು ಯಾವ ಪತಂಗ ಎಂದು ನೋಡಿ. ಗೋಡೆಯ ಮೇಲೆ ಕೂತಿದ್ದಾಗ ಒಂದು ಲೋಟ ಮುಚ್ಚಿ, ಅಡಿಯಲ್ಲಿ ಕಾಗದ ತೂರಿಸಿ ಹಿಡಿದರೆ ರೆಕ್ಕೆ ಸ್ಪಷ್ಟವಾಗಿ ಕಾಣುತ್ತದೆ. ರೆಕ್ಕೆಯೆಲ್ಲ ಒಂದೇ ಥರ ಬೂದುಗಂದು ಬಣ್ಣವಾಗಿದ್ದು, ಮಡಚಿ ಕೂತಾಗ ಉದ್ದ ಒಂದೂಕಾಲು ಸೆಂಟಿಮೀಟರ್ ಆಸುಪಾಸಿನಲ್ಲಿದ್ದರೆ ಅದು ಅಕ್ಕಿ ಪತಂಗ. ನಮ್ಮ ಕಡೆ ಅಕ್ಕಿ, ರವೆ, ಜೋಳದ ಹಿಟ್ಟು, ರಾಗಿ ಹಿಟ್ಟು, ಶೇಂಗಾಗಳಲ್ಲಿ ಹೆಚ್ಚಾಗಿ ಸಿಗುವುದು ಇದೇ. ರೆಕ್ಕೆಯ ಬುಡದ ಮೂರನೇ ಒಂದು ಭಾಗ ಮಾಸಲು ಬಿಳಿ, ಉಳಿದದ್ದು ತಾಮ್ರದ ಬಣ್ಣ ಎಂದು ಎರಡು ತುಂಡಾಗಿ ಕಂಡರೆ ಹಿಟ್ಟಿನ ಪತಂಗ. ಅದಕ್ಕೆ ಬಾದಾಮಿ, ಒಣದ್ರಾಕ್ಷಿ, ಓಟ್ಸ್ ಇಷ್ಟ. ಇವೆರಡಕ್ಕಿಂತ ಚಿಕ್ಕದಾಗಿ, ಹುಲ್ಲಿನ ಹಳದಿ ಬಣ್ಣದಲ್ಲಿದ್ದು, ಹಿಂದಿನ ರೆಕ್ಕೆಗೆ ಉದ್ದನೆಯ ಕುಚ್ಚಿದ್ದರೆ ಭತ್ತದ ಪತಂಗ. ಅದರ ಹುಳು ಇಡೀ ಕಾಳಿನ ಒಳಗೇ ಬೆಳೆಯುವುದರಿಂದ ಹಿಟ್ಟು, ರವೆಯಲ್ಲಿ ಅದು ಇರುವುದಿಲ್ಲ. ಭತ್ತ, ಮೆಕ್ಕೆಜೋಳ, ಬಿಳಿಜೋಳದ ಚೀಲಗಳಲ್ಲಿ ಹುಡುಕಬೇಕು.

ನೀವು ಬರೆದಿರುವುದನ್ನು ನೋಡಿದರೆ ಅಕ್ಕಿ ಪತಂಗವೇ ಇರಬೇಕು. ಅದರ ಮೊಟ್ಟೆ ಒಡೆಯಲು ಐದಾರು ದಿನ ಬೇಕು. ಹುಳು ಮೂರರಿಂದ ಐದು ವಾರ ಮೇಯುತ್ತದೆ, ಕೋಶದಲ್ಲಿ ಸುಮಾರು ಹತ್ತು ದಿನ ಕಳೆಯುತ್ತದೆ. ಬೆಳೆದ ಹುಳು ಗೂಡು ಕಟ್ಟಲು ಆಹಾರ ಬಿಟ್ಟು ದೂರ ಹೋಗುವುದುಂಟು. ನೀವು ಕಂಡದ್ದು ಅಂಥವನ್ನೇ. ಹಾಗಾಗಿ ಡಬ್ಬಿ ಚೆಲ್ಲಿದ ದಿನ ಮೂಲೆ ಸೇರಿದ್ದ ಹುಳುಗಳು ಆಮೇಲೆ ಚಿಟ್ಟೆಯಾಗಿ ಹೊರಬರುತ್ತಲೇ ಇರುತ್ತವೆ. ಆರು ವಾರ ಕಳೆದರೂ ಹೊಸ ಚಿಟ್ಟೆ ಕಂಡರೆ ಮಾತ್ರ ಇನ್ನೊಂದು ಮೂಲ ಉಳಿದಿದೆ ಎಂದರ್ಥ.

ಅಂಥ ಮೂಲ ದಿನಾ ಬಳಸುವ ಡಬ್ಬಿಯಲ್ಲಿ ಇರುವುದು ಕಡಿಮೆ. ಮರೆತು ಬಿಟ್ಟ ವಸ್ತುಗಳಲ್ಲಿ ಹುಡುಕಿ: ಬೀರುವಿನಲ್ಲಿಟ್ಟ ಮಡಿಲಕ್ಕಿ ಗಂಟು, ದೇವರಮನೆಯ ಅಕ್ಷತೆ ಬಟ್ಟಲು, ಹಕ್ಕಿಗೆ ತಂದ ನವಣೆ, ನಾಯಿಯ ಆಹಾರದ ಚೀಲ, ಕಳೆದ ಹಬ್ಬದ ಅವಲಕ್ಕಿ, ಅರ್ಧ ಬಳಸಿ ರಬ್ಬರ್ ಬ್ಯಾಂಡ್ ಹಾಕಿದ ಗೋಡಂಬಿ ಪೊಟ್ಟಣ. ಕಾಳನ್ನು ಬೆರಳಿನಿಂದ ಎತ್ತಿ ನೋಡಿ. ನಾಲ್ಕೈದು ಕಾಳು ಒಂದಕ್ಕೊಂದು ನೂಲಿನಿಂದ ಅಂಟಿಕೊಂಡು ಗೊಂಚಲಾಗಿ ಬಂದರೆ ಅಲ್ಲಿದೆ ಹುಳು. ನೂಲಿನಲ್ಲಿ ಹಿಟ್ಟಿನಂಥ ಹಿಕ್ಕೆಯೂ ಸಿಕ್ಕಿಕೊಂಡಿರುತ್ತದೆ. ಅಂಥದ್ದನ್ನು ಜರಡಿ ಹಿಡಿದು ಉಳಿಸಿಕೊಳ್ಳಲು ಹೋಗಬೇಡಿ. ನೂಲು, ಹಿಕ್ಕೆ, ಮೊಟ್ಟೆ ಪೂರ್ತಿ ಹೋಗುವುದಿಲ್ಲ, ವಾಸನೆಯೂ ಉಳಿಯುತ್ತದೆ. ಬಿಗಿಯಾಗಿ ಕಟ್ಟಿ ಮನೆಯಿಂದ ಹೊರಗೆ ಹಾಕಿ.

ಆಮೇಲೆ ಕಪಾಟು ಪೂರ್ತಿ ಖಾಲಿ ಮಾಡಿ. ಹಾಸಿದ ಪೇಪರ್ ತೆಗೆದೆಸೆಯಿರಿ, ಗೂಡುಗಳು ಅದರ ಕೆಳಗೇ ಇರುತ್ತವೆ. ಹಲಗೆಯ ಸಂದು, ಸ್ಕ್ರೂ ತೂತು, ಬಾಗಿಲಿನ ಕೀಲುಗಳನ್ನು ವ್ಯಾಕ್ಯೂಮ್ ಕ್ಲೀನರ್‌ನಿಂದಲೋ ಹಳೆ ಹಲ್ಲುಜ್ಜುವ ಬ್ರಷ್‌ನಿಂದಲೋ ತೆಗೆದು, ಸೋಪಿನ ನೀರಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಸೂರಿನ ಮೂಲೆಯ ಗೂಡುಗಳನ್ನು ಚಾಕುವಿನ ಬೆನ್ನಿನಿಂದ ಕೆರೆದು ಹಾಕಿ. ಕಪಾಟಿನೊಳಗೆ ಕೀಟನಾಶಕ ಸಿಂಪಡಿಸಬೇಡಿ, ನುಸಿಗುಳಿಗೆಯನ್ನಂತೂ ಆಹಾರದ ಹತ್ತಿರ ಇಡಲೇಬೇಡಿ.

ಹೊಸದಾಗಿ ತಂದ ರವೆಯನ್ನು ಹುರಿದು, ಪೂರ್ತಿ ತಣಿದ ಮೇಲೆ ಡಬ್ಬಿಗೆ ಹಾಕುವ ನಮ್ಮ ಮನೆಗಳ ರೂಢಿ ಬಹಳ ಒಳ್ಳೆಯದು. ಬಿಸಿಯಿರುವಾಗಲೇ ಮುಚ್ಚಿದರೆ ಹಬೆ ನೀರಾಗಿ ಬೂಸಲು ಹಿಡಿಯುತ್ತದೆ. ಹುರಿಯಲಾಗದ ಹಿಟ್ಟು, ಒಣಹಣ್ಣುಗಳನ್ನು ಒಂದೊಂದು ಕಿಲೋ ಪೊಟ್ಟಣ ಮಾಡಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ನಾಲ್ಕು ದಿನ ಇಟ್ಟರೆ ಮೊಟ್ಟೆಯೂ ಸಾಯುತ್ತದೆ. ಹೊರತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೆ ಪೊಟ್ಟಣ ಬಿಚ್ಚಬೇಡಿ, ತೇವ ಕೂರುತ್ತದೆ. ತೆಳು ಪ್ಲಾಸ್ಟಿಕ್ ಕವರನ್ನು ಈ ಹುಳು ಕೊರೆಯಬಲ್ಲದು. ಆಗ ತಾನೆ ಒಡೆದ ಮರಿ ಸಡಿಲ ಮುಚ್ಚಳದ ಸುರುಳಿಯ ಸಂದಿನಲ್ಲೇ ನುಸುಳುತ್ತದೆ. ರಬ್ಬರ್ ಪಟ್ಟಿಯಿರುವ ಮುಚ್ಚಳ ಬೇಕು.

ಪ್ರಶ್ನೆ: ಅಕ್ಕಿಗೆ ಬೇವಿನ ಎಲೆ, ಒಣಮೆಣಸಿನಕಾಯಿ ಹಾಕಿದರೆ ಸಾಲದೇ? – ತುಮಕೂರು

ಉತ್ತರ: ಚೆನ್ನಾಗಿ ಒಣಗಿದ ಬೇವಿನ ಎಲೆ ಹುಳುವನ್ನು ಸ್ವಲ್ಪಮಟ್ಟಿಗೆ ದೂರವಿಡುತ್ತದೆ. ಆಗಲೇ ಒಳಗಿರುವ ಮೊಟ್ಟೆ, ಹುಳುಗಳನ್ನು ಕೊಲ್ಲುವುದಿಲ್ಲ. ಹಸಿ ಎಲೆ ಹಾಕಿದರೆ ತೇವ ಹೆಚ್ಚಿ ಕೆಡುಕೇ ಆಗುತ್ತದೆ. ಹುಳು ಬಿದ್ದ ಅಕ್ಕಿಯನ್ನು ಉರಿಬಿಸಿಲಿಗೆ ಹರಡುವುದೂ ಬೇಡ. ಭತ್ತ ತಡೆಯುತ್ತದೆ, ಪಾಲಿಶ್ ಅಕ್ಕಿ ಬಿರುಕು ಬಿಟ್ಟು ನುಚ್ಚಾಗುತ್ತದೆ. ಅಕ್ಕಿ ಪತಂಗದ ಮರಿಗೆ ನುಚ್ಚೇ ಹಿತ.

ಪ್ರಶ್ನೆ: ವರ್ಷಕ್ಕಾಗುವಷ್ಟು ಅಕ್ಕಿ ಡ್ರಮ್ಮಿನಲ್ಲಿ ತುಂಬಿಡುತ್ತೇವೆ. ಗೊಬ್ಬರದ ಅಂಗಡಿಯಲ್ಲಿ ಒಂದು ಮಾತ್ರೆ ಕೊಟ್ಟು ಬಟ್ಟೆಯಲ್ಲಿ ಕಟ್ಟಿ ಒಳಗಿಡಲು ಹೇಳಿದ್ದಾರೆ. ಇಡಬಹುದೇ? – ರೈತ, ಮದ್ದೂರು

ಉತ್ತರ: ಖಂಡಿತ ಇಡಬೇಡಿ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ 3 ಗ್ರಾಂ ಮಾತ್ರೆಯಿಂದ 1 ಗ್ರಾಂ ಫಾಸ್ಫೀನ್ ಅನಿಲ ಹೊರಡುತ್ತದೆ. ಮನೆಯ ಡ್ರಮ್ಮಿನಿಂದ ಸೋರಿ, ರಾತ್ರಿ ಮಲಗಿದವರ ಕೋಣೆ ಸೇರಿದರೆ ಪ್ರಾಣಕ್ಕೇ ಅಪಾಯ. ಮಕ್ಕಳಿಗೆ ಇನ್ನೂ ಬೇಗ. ಈ ವಿಷಕ್ಕೆ ಪ್ರತಿವಿಷ ಇಲ್ಲ. ಇದನ್ನು ಬಳಸಲು ಸರ್ಕಾರಿ ಸಂಸ್ಥೆಗಳಿಗೆ ಮತ್ತು ಅನುಮತಿ ಪಡೆದ ಕೀಟನಿಯಂತ್ರಣದವರಿಗೆ ಮಾತ್ರ ಅವಕಾಶವಿದೆ. ಕೊಟ್ಟ ಮಾತ್ರೆಯನ್ನು ಬಿಚ್ಚದೆ, ನೀರು ತಾಗಿಸದೆ ಅಂಗಡಿಗೇ ಹಿಂದಿರುಗಿಸಿ.

ಬದಲಿಗೆ ಗಾಳಿಯಾಡದ ಪದರಚೀಲ ಕೊಳ್ಳಿ. ಹೊರಗೆ ನೇಯ್ದ ಗೋಣಿ, ಒಳಗೆ ದಪ್ಪ ಪ್ಲಾಸ್ಟಿಕ್ ಪದರಗಳಿರುತ್ತವೆ. ತೇವಾಂಶ 12ರಿಂದ 13 ಶೇಕಡಾ ಇರುವ ಅಕ್ಕಿ ತುಂಬಿ, ಗಾಳಿಯನ್ನು ಒತ್ತಿ ಹೊರಹಾಕಿ, ಬಾಯನ್ನು ಹುರಿಮಾಡಿ ಮಡಚಿ ಬಿಗಿಯಾಗಿ ಕಟ್ಟಿ. ಒಳಗಿನ ಹುಳುಗಳೇ ಆಮ್ಲಜನಕ ಬಳಸಿ ಮುಗಿಸಿ ಸಾಯುತ್ತವೆ. ಕನಿಷ್ಠ ಒಂದೂವರೆ ತಿಂಗಳು ಬಿಚ್ಚಬೇಡಿ. ಪದೇ ಪದೇ ಬಿಚ್ಚಿದರೆ ಕೆಲಸ ಕೆಟ್ಟಿತು. ಹಾಗಾಗಿ ತಿಂಗಳಿಗೊಂದು ಚೀಲವಾಗುವಂತೆ ತುಂಬಿ.

ಪ್ರಶ್ನೆ: ನಮ್ಮ ರೈಸ್‌ಮಿಲ್‌ನಲ್ಲಿ ಅಕ್ಕಿ ಚೀಲಗಳ ಅಟ್ಟಿಗೆ ಟಾರ್ಪಾಲ್ ಹೊದಿಸಿ, ಎರಡು ದಿನ ಮಾತ್ರೆ ಇಡಿಸಿದೆವು. ಮೂರೇ ವಾರಕ್ಕೆ ಮತ್ತೆ ಚಿಟ್ಟೆ. ಮಾತ್ರೆ ಕಳಪೆಯೇ? – ಗಂಗಾವತಿ

ಉತ್ತರ: ಮಾತ್ರೆಗಿಂತ ನಿಮ್ಮ ಎರಡು ದಿನ ಮತ್ತು ಆ ಟಾರ್ಪಾಲನ್ನೇ ಮೊದಲು ಸಂಶಯಿಸಬೇಕು. ಫಾಸ್ಫೀನ್ ನಿಧಾನವಾಗಿ ಕೊಲ್ಲುವ ಅನಿಲ. ಉಸಿರಾಟ ಚುರುಕಾಗಿರುವ ಹುಳು, ಚಿಟ್ಟೆಗಳು ಬೇಗ ಸಾಯುತ್ತವೆ. ಮೊಟ್ಟೆ ಮತ್ತು ಕೋಶ ಗಟ್ಟಿ. ಎರಡು ದಿನಕ್ಕೆ ತೆಗೆದರೆ ಮೇಲ್ನೋಟಕ್ಕೆ ಎಲ್ಲ ಸತ್ತಂತೆ ಕಂಡು, ಉಳಿದ ಕೋಶಗಳಿಂದ ಚಿಟ್ಟೆ ಹೊರಡುತ್ತದೆ. ಕಡಿಮೆ ಅನಿಲಕ್ಕೆ ಪದೇ ಪದೇ ಒಡ್ಡಿದ ಕೀಟಗಳಲ್ಲಿ ಮದ್ದು ತಡೆಯುವ ಶಕ್ತಿ ಬೆಳೆಯುತ್ತದೆ ಎನ್ನುವುದು ಇನ್ನೂ ದೊಡ್ಡ ಚಿಂತೆ.

ಅನುಮತಿ ಇರುವವರಿಂದಲೇ ಮಾಡಿಸಿ. ಅವರ ಕೆಲಸದಲ್ಲಿ ನೀವು ಗಮನಿಸಬೇಕಾದ್ದು ಇಷ್ಟು. ಅಟ್ಟಿ ಗೋಡೆಯಿಂದ ಒಂದು ಮೀಟರ್ ದೂರದಲ್ಲಿ, ಮರದ ಹಲಗೆಯ ಮೇಲೆ ಇರಬೇಕು. ನೇಯ್ದ ಟಾರ್ಪಾಲ್ ಅನಿಲ ಹಿಡಿದಿಡದು. ಅದಕ್ಕೆಂದೇ ಇರುವ, ತೂತಿಲ್ಲದ ದಪ್ಪ ಹಾಳೆ ಬೇಕು. ಹಾಳೆಯ ಅಂಚು ನೆಲದ ಮೇಲೆ ಅರ್ಧ ಮೀಟರ್ ಹರಡಿಕೊಂಡು, ಅದರ ಮೇಲೆ ಮರಳು ತುಂಬಿದ ಉದ್ದ ಚೀಲಗಳು ತುದಿಗೆ ತುದಿ ಮೇಲೇರಿ ಕೂರಬೇಕು. ನೆಲ ಬಿರುಕು ಬಿಟ್ಟಿದ್ದರೆ ಮೊದಲು ಸಿಮೆಂಟ್ ಹಾಕಿಸಿ. ಚೀಲದ ಅಟ್ಟಿಗೆ ಟನ್ನಿಗೆ 3 ಗ್ರಾಂನ ಮೂರು ಮಾತ್ರೆ ಲೆಕ್ಕ. 50 ಟನ್ ಅಟ್ಟಿಗೆ 150 ಮಾತ್ರೆ. ಅವನ್ನು ಒಂದೆಡೆ ಗುಡ್ಡೆ ಹಾಕದೆ, ತಟ್ಟೆಗಳಲ್ಲಿ ಒಂದೇ ಪದರವಾಗಿ ಹರಡಿ ಸುತ್ತಲೂ ಇಡಬೇಕು. ಗುಡ್ಡೆಗೆ ನೀರು ಬಿದ್ದರೆ ಬೆಂಕಿ ಹತ್ತುತ್ತದೆ. ಏಳು ದಿನ ಪೂರ್ತಿ ಮುಚ್ಚಿಡಿ. ತೆಗೆದ ಮೇಲೆ ಗಾಳಿಯಾಡಿಸಿ, ಅನಿಲ ಅಳೆಯುವ ಮೀಟರ್‌ನಲ್ಲಿ 0.3 ಪಿಪಿಎಂಗಿಂತ (ಪಿಪಿಎಂ ಎಂದರೆ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು) ಕಡಿಮೆ ಬಂದ ಮೇಲಷ್ಟೇ ಕೂಲಿಯವರನ್ನು ಒಳಗೆ ಬಿಡಿ. ವಾಸನೆ ಬರುತ್ತಿಲ್ಲ ಎಂದು ನಂಬಬೇಡಿ. ಈ ಅನಿಲ ತಾಮ್ರವನ್ನು ತಿನ್ನುತ್ತದೆ, ಆದ್ದರಿಂದ ಹಾಳೆಯೊಳಗೆ ಮೋಟರ್, ಸ್ವಿಚ್‌ಬೋರ್ಡ್, ತೂಕದ ಯಂತ್ರ ಇರಕೂಡದು. ಗೋದಾಮಿನ ಗೋಡೆಗೆ ತಾಗಿದಂತೆ ವಾಸದ ಮನೆಯಿದ್ದರೆ ಅಲ್ಲಿ ಹೀಗೆ ಅನಿಲ ಬಿಡುವ ಧೂಮೀಕರಣ ಮಾಡಿಸಲೇಬೇಡಿ.

ಇಷ್ಟೆಲ್ಲ ಸರಿಯಾದರೂ ಕಾಳನ್ನು ಮೇಲಕ್ಕೆ ಸಾಗಿಸುವ ಎಲಿವೇಟರಿನ ಬುಡದ ಗುಂಡಿಯಲ್ಲಿ ಹಳೆ ನುಚ್ಚು, ಮೂಲೆಯಲ್ಲಿ ತವುಡಿನ ಚೀಲ, ಖಾಲಿ ಗೋಣಿಯ ರಾಶಿ ಇದ್ದರೆ ಚಿಟ್ಟೆ ಅಲ್ಲಿಂದ ಮತ್ತೆ ಅಟ್ಟಿಗೆ ಬರುತ್ತದೆ. ಧೂಮೀಕರಣ ಇದ್ದದ್ದನ್ನು ಕೊಲ್ಲುತ್ತದೆ, ಹಾಳೆ ತೆಗೆದ ಮರುದಿನದಿಂದ ಅದರ ರಕ್ಷಣೆ ಇಲ್ಲ. ಬುಡದ ಗುಂಡಿಯನ್ನು ವಾರಕ್ಕೊಮ್ಮೆ ಖಾಲಿ ಮಾಡಿಸಿ. ಗೋಡೆ ಮತ್ತು ಚೀಲಗಳ ಹೊರಮೈಗೆ ಡೆಲ್ಟಾಮೆತ್ರಿನ್ 2.5 ಶೇಕಡಾ ಪುಡಿಯನ್ನು ಲೀಟರ್ ನೀರಿಗೆ 40 ಗ್ರಾಂ ಕಲಸಿ, 100 ಚದರ ಮೀಟರಿಗೆ 3 ಲೀಟರಿನಂತೆ ಮೂರು ತಿಂಗಳಿಗೊಮ್ಮೆ ಹೊಡೆಸಿ. ಬಿಡಿ ಅಕ್ಕಿಗೆ ತಾಗಬಾರದು. ಹಿಂದೆ ಹೊಡೆಯುತ್ತಿದ್ದ ಡೈಕ್ಲೋರ್ವಾಸ್ ನಮ್ಮ ದೇಶದಲ್ಲಿ 2020ರ ಕೊನೆಗೆ ನಿಷೇಧವಾಗಿದೆ.

ಪ್ರಶ್ನೆ: ಗೇರುಬೀಜದ ಘಟಕದಲ್ಲಿ ಫೆರೊಮೋನ್ ಬಲೆ ಹಾಕಿದ್ದೇವೆ. ಬಲೆಗೆ ಒಂದೂ ಬೀಳುವುದಿಲ್ಲ, ಆದರೆ ತಿರುಳಿನಲ್ಲಿ ನೂಲು ಇದೆ. – ಕಾರ್ಕಳ

ಉತ್ತರ: ಫೆರೊಮೋನ್ ಎಂದರೆ ಪತಂಗ ತನ್ನ ಜೋಡಿಯನ್ನು ಕರೆಯಲು ಬಿಡುವ ವಾಸನೆ. ಮಾರುಕಟ್ಟೆಯ ಸಾಮಾನ್ಯ ಬಲೆಯ ವಾಸನೆಗೆ ಹಿಟ್ಟಿನ ಪತಂಗ ಮತ್ತು ಬಾದಾಮಿ ಪತಂಗದ ಗುಂಪಿನವು ಬರುತ್ತವೆ, ಅವುಗಳಲ್ಲೂ ಗಂಡು ಮಾತ್ರ. ಅಕ್ಕಿ ಪತಂಗದ ಫೆರೊಮೋನ್ ಬೇರೆಯೇ, ಅದು ಈ ಬಲೆಯತ್ತ ಸುಳಿಯದು. ನಿಮ್ಮಲ್ಲಿರುವುದು ಅದೇ ಆಗಿರಬಹುದು. ಒಂದು ಚಿಟ್ಟೆ ಹಿಡಿದು ಮೊದಲ ಉತ್ತರದ ಗುರುತುಗಳನ್ನು ನೋಡಿ. ಇನ್ನೊಂದು ಕಾರಣ ಹಳೆಯ ವಾಸನೆ ಗುಳಿಗೆ, ಆರರಿಂದ ಎಂಟು ವಾರಕ್ಕೆ ಬದಲಿಸಬೇಕು. ಬಲೆ ನೆಲದಿಂದ ಎರಡು ಮೀಟರ್ ಎತ್ತರದಲ್ಲಿ, ಬಾಗಿಲು ಕಿಟಕಿಗಳಿಂದ ದೂರ ಇರಲಿ. ಬಲೆ ಇರುವುದು ಎಷ್ಟಿವೆ, ಎಲ್ಲಿವೆ ಎಂದು ತಿಳಿಯಲು. ಅದರಿಂದಲೇ ಹತೋಟಿ ಆಗದು.

ಬೋರ್ಮಾದಲ್ಲಿ, ಅಂದರೆ ತಿರುಳು ಒಣಗಿಸುವ ಬಿಸಿಗೂಡಿನಲ್ಲಿ, 70 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಒಣಗಿದ ತಿರುಳಿನಲ್ಲಿ ಜೀವಂತ ಹುಳು ಉಳಿಯುವುದಿಲ್ಲ. ಸೋಂಕು ತಗಲುವುದು ಸಿಪ್ಪೆ ಸುಲಿಯುವ, ವಿಂಗಡಿಸುವ ಕೋಣೆಗಳಲ್ಲಿ. ಹಗಲು ಸುಲಿದದ್ದನ್ನು ರಾತ್ರಿ ತೆರೆದ ತಟ್ಟೆಯಲ್ಲಿ ಬಿಡಬೇಡಿ, ಚಿಟ್ಟೆ ಮೊಟ್ಟೆಯಿಡುವುದು ಹೆಚ್ಚಾಗಿ ಕತ್ತಲಲ್ಲಿ. ಕಂದು ಸಿಪ್ಪೆಯ ರಾಶಿಯನ್ನು ಅಂದಂದೇ ಸಾಗಿಸಿ. 11.34 ಕಿಲೋ ಟಿನ್ನಿನಿಂದ ಗಾಳಿ ಎಳೆದು ಕಾರ್ಬನ್ ಡೈಆಕ್ಸೈಡ್ ತುಂಬುವ ಪದ್ಧತಿ ಹುಳುವಿಗೂ ಮದ್ದು, ಆದರೆ ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ವ್ಯರ್ಥ. ಪ್ರತಿ ಸರದಿಯಲ್ಲಿ ಕೆಲವು ಟಿನ್ನುಗಳನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ನೋಡಿ.

ಪ್ರಶ್ನೆ: ಉಣ್ಣೆ ಶಾಲು, ಕುರಿಕಂಬಳಿಯಲ್ಲಿ ತೂತು ಬಿದ್ದಿವೆ. ಅದೇ ಬೀರುವಿನಲ್ಲಿ ರೇಷ್ಮೆ ಸೀರೆಗಳೂ ಇವೆ. ನುಸಿಗುಳಿಗೆ, ಕರ್ಪೂರ ಎರಡೂ ಇಟ್ಟಿದ್ದೇನೆ. – ಮೈಸೂರು

ಉತ್ತರ: ಎರಡನ್ನೂ ಒಟ್ಟಿಗೆ ಇಡಬೇಡಿ. ಕರ್ಪೂರ ಮತ್ತು ನುಸಿಗುಳಿಗೆಯ ನ್ಯಾಫ್ತಲೀನ್ ಒಂದಕ್ಕೊಂದು ತಾಗಿದರೆ ಕರಗಿ ನೀರಾಗಿ ಬಟ್ಟೆಯ ಮೇಲೆ ಕಲೆ ಕೂರುತ್ತದೆ. ಬಟ್ಟೆನುಸಿಯೂ ಪತಂಗವೇ. ಅದರ ಮರಿಗೆ ಬೇಕಾದದ್ದು ಕೆರಾಟಿನ್ ಎಂಬ ಪ್ರೋಟೀನ್, ಅದು ಉಣ್ಣೆ, ಕೂದಲು, ಗರಿಗಳಲ್ಲಿದೆ. ರೇಷ್ಮೆಯಲ್ಲಿ ಅದಿಲ್ಲ. ಆದರೂ ಬೆವರು, ಊಟದ ಕಲೆ ಇದ್ದ ಕಡೆ ಕಚ್ಚುತ್ತದೆ. ಸೀರೆಯನ್ನು ಸ್ವಚ್ಛ ಮಾಡಿಸಿಯೇ ಒಳಗಿಡಿ, ಹತ್ತಿ ಬಟ್ಟೆಯಲ್ಲಿ ಸುತ್ತಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಕಂಬಳಿಯನ್ನು ಬಿಸಿಲಿಗೆ ಹಾಕಿ, ಹೊಲಿಗೆ ಅಂಚನ್ನು ಬ್ರಷ್‌ನಿಂದ ಗಟ್ಟಿಯಾಗಿ ಉಜ್ಜಿ, ಮೊಟ್ಟೆಗಳು ಉದುರುತ್ತವೆ. ಶಾಲನ್ನು ಗಾಳಿಯಾಡದ ಕವರಿನಲ್ಲಿ ಹಾಕಿ ಫ್ರೀಜರ್‌ನಲ್ಲಿ ಒಂದು ವಾರ ಇಡಿ.

ನುಸಿಗುಳಿಗೆಯ ಹಬೆ ಬಿಗಿಯಾದ ಪೆಟ್ಟಿಗೆಯಲ್ಲಿ ಮಾತ್ರ ಕೊಲ್ಲುತ್ತದೆ. ಸಂದಿರುವ ಬೀರುವಿನಿಂದ ಅದು ಸೋರಿ ನಿಮ್ಮ ಮೂಗಿಗೇ ಬರುತ್ತದೆ. ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಅದು ರಕ್ತಕಣಗಳನ್ನು ಒಡೆದು ಕಾಮಾಲೆ ತರಬಹುದು. ಹಸುಗೂಸಿನ ಬಟ್ಟೆ, ಹೊದಿಕೆಯ ಹತ್ತಿರ ಇಡಲೇಬಾರದು.

ಪ್ರಶ್ನೆ: ಗೋಡೆಯಲ್ಲಿ ಸೌತೆಬೀಜದಂಥ ಬೂದು ಚೀಲ ಹೊತ್ತು ಹುಳು ನಡೆಯುತ್ತದೆ. ಏನದು? – ಉಡುಪಿ

ಉತ್ತರ: ಅದೂ ಪತಂಗದ ಮರಿಯೇ. ಎರಡೂ ತುದಿಗೆ ಬಾಯಿರುವ ಆ ಚೀಲವನ್ನು ರೇಷ್ಮೆನೂಲು, ಮರಳು, ಧೂಳಿನಿಂದ ತಾನೇ ಕಟ್ಟಿಕೊಂಡಿರುತ್ತದೆ. ಜೇಡರಬಲೆ, ಉದುರಿದ ಕೂದಲು, ಸತ್ತ ಕೀಟ ತಿಂದು ಬದುಕುತ್ತದೆ. ತೇವದ ಹವೆ ಬೇಕಾದ್ದರಿಂದ ಕರಾವಳಿಯಲ್ಲಿ ಹೆಚ್ಚು. ಮದ್ದು ಬೇಡ. ಸೂರು, ಮಂಚದಡಿಯ ಬಲೆ ಮತ್ತು ಧೂಳನ್ನು ವಾರಕ್ಕೊಮ್ಮೆ ತೆಗೆಯಿರಿ, ಫ್ಯಾನ್ ಹಾಕಿ ಕೋಣೆ ಒಣಗಲು ಬಿಡಿ.

ಪ್ರಶ್ನೆ: ತುಡುವೆ ಜೇನಿನ ಪೆಟ್ಟಿಗೆಗಳಲ್ಲಿ ಮಳೆಗಾಲಕ್ಕೆ ಮೇಣದ ಹುಳು ಬಿದ್ದು ಕುಟುಂಬ ಓಡಿಹೋಗುತ್ತದೆ. – ಶಿರಸಿ

ಉತ್ತರ: ಮೇಣದ ಪತಂಗ ಗೆಲ್ಲುವುದು ದುರ್ಬಲ ಕುಟುಂಬದ ಮೇಲೆ. ಜೇನುಹುಳುಗಳು ಕೂತು ಮುಚ್ಚದ ಎರಿಗಳನ್ನು (ಗೂಡಿನ ಮೇಣದ ಹಲ್ಲೆಗಳನ್ನು) ಮಳೆ ಶುರುವಾಗುವ ಮೊದಲೇ ತೆಗೆಯಿರಿ. ತಳಹಲಗೆಯಲ್ಲಿ ಬಿದ್ದ ಮೇಣದ ಪುಡಿಯೇ ಮರಿಗಳಿಗೆ ಮೊದಲ ಆಹಾರ, ಅದನ್ನು ವಾರಕ್ಕೊಮ್ಮೆ ಕೆರೆದು ದೂರ ಸುಡಿ. ಪೆಟ್ಟಿಗೆಯ ಬಿರುಕು ಮುಚ್ಚಿ, ಬಾಗಿಲು ಕಿರಿದು ಮಾಡಿ, ಸಕ್ಕರೆ ಪಾನಕ ಕೊಟ್ಟು ಬಲಪಡಿಸಿ. ಮರಿ ಬೆಳೆಸಿ ಕಪ್ಪಾದ ಹಳೆ ಎರಿಗಳಿಗೇ ಹುಳು ಮೊದಲು ಬೀಳುವುದರಿಂದ ಅವನ್ನು ಕರಗಿಸಿ ಮೇಣ ಮಾಡಿಬಿಡಿ. ಉಳಿಸುವ ಎರಿಯನ್ನು ಫ್ರೀಜರ್‌ನಲ್ಲಿ ಒಂದು ದಿನ ಇಟ್ಟು, ಹೊರತೆಗೆದು ಒಣಗಿದ ಮೇಲೆ ಬಿಗಿ ಚೀಲದಲ್ಲಿ ಕಟ್ಟಿಡಿ. ಮೈನಸ್ 15 ಡಿಗ್ರಿಯಲ್ಲಿ ಎರಡು ಗಂಟೆಗೇ ಎಲ್ಲ ಹಂತಗಳೂ ಸಾಯುತ್ತವೆ, ಆದರೆ ಒತ್ತಾಗಿ ಜೋಡಿಸಿದ ಎರಿಯ ನಡುವಿಗೆ ಆ ಚಳಿ ಇಳಿಯಲು ಹೊತ್ತು ಬೇಕು. ಎರಿಗೆ ನುಸಿಗುಳಿಗೆ ಹಾಕಬೇಡಿ. ಮೇಣ ಅದನ್ನು ಹೀರಿಕೊಳ್ಳುತ್ತದೆ, ಮುಂದೆ ಜೇನುತುಪ್ಪಕ್ಕೂ ಇಳಿಯುತ್ತದೆ.