ತಲಾಶ್ ಸಿನಿಮಾದ ಕ್ಲೈಮ್ಯಾಕ್ಸ್‌ನಲ್ಲಿ ನಮಗೆ ಟೋಪಿ ಹಾಕಿದ್ರಾ?

ನೀವು ಕೇಳಿರುವುದು ಇಷ್ಟು. ಎರಡು ಗಂಟೆ ಪೊಲೀಸ್ ತನಿಖೆ ತೋರಿಸಿ ಕೊನೆಗೆ ದೆವ್ವ ಅಂದುಬಿಟ್ಟರೆ ಅದು ಮೋಸ ಅಲ್ವಾ, ಅದನ್ನು ಕ್ರೈಂ ಥ್ರಿಲ್ಲರ್ ಅಂತ ಹೇಗೆ ಕರೆಯೋದು? ನನ್ನ ಪ್ರಕಾರ ಮೋಸ ಇಲ್ಲ. ಸಿನಿಮಾ ನೋಡದವರು ಇಲ್ಲಿಗೇ ನಿಲ್ಲಿಸಿ, ಮುಂದೆ ಎಲ್ಲ ಬಿಚ್ಚಿ ಹೇಳುತ್ತೇನೆ.

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. 2012ರ ನವೆಂಬರ್ 30ಕ್ಕೆ ಬಿಡುಗಡೆಯಾದ ಹಿಂದಿ ಸಿನಿಮಾ, ನಾನು ನೋಡಿದ್ದು ಮುಂದಿನ ವಾರ. ಬೈದುಕೊಂಡೇ ಹೊರಗೆ ಬಂದೆ. ಪಾರ್ಕಿಂಗ್‌ನಲ್ಲಿ ಗಾಡಿ ತೆಗೆಯುವಾಗ ಯಾರೋ "ಇದಕ್ಕೆ ಅಮೀರ್ ಖಾನ್ ಯಾಕ್ ಬೇಕಿತ್ತು ಗುರೂ" ಅಂದರು, ನಾನೂ ನಕ್ಕೆ. ಕೆಲವು ವರ್ಷ ಬಿಟ್ಟು ಮನೆಯಲ್ಲಿ ಎರಡನೇ ಸಲ ನೋಡಿದಾಗ ನಗು ಬರಲಿಲ್ಲ.

ಕೇಸು ಏನು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಮುಂಬೈ, ನಡುರಾತ್ರಿ, ಕಡಲ ಪಕ್ಕದ ಖಾಲಿ ರಸ್ತೆ. ಅರ್ಮಾನ್ ಕಪೂರ್ ಎಂಬ ಸಿನಿಮಾ ನಟನ ಕಾರು ಇದ್ದಕ್ಕಿದ್ದಂತೆ ಅಡ್ಡ ತಿರುಗಿ ಸೀದಾ ಸಮುದ್ರಕ್ಕೆ ಬೀಳುತ್ತದೆ. ಯಾಕೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಅದನ್ನು ಹುಡುಕಬೇಕಾದವನು ಇನ್ಸ್‌ಪೆಕ್ಟರ್ ಸುರ್ಜನ್ ಸಿಂಗ್ ಶೇಖಾವತ್, ಅಂದರೆ ಅಮೀರ್ ಖಾನ್. ಅವನ ಮಗ ಕರಣ್ ಸತ್ತಿದ್ದೂ ನೀರಿನಲ್ಲೇ. ಪಿಕ್ನಿಕ್‌ಗೆ ಹೋದ ಜಾಗದಲ್ಲಿ ಹುಡುಗ ಬೋಟ್ ಹತ್ತಿ ಹೋಗಿ ಮುಳುಗಿರುತ್ತಾನೆ. ಅಪ್ಪ ಅಲ್ಲೇ ಇದ್ದ.

ಈಗ ಈ ಸಿನಿಮಾದ ನಿಜವಾದ ಕೇಸು ಯಾವುದು ಹೇಳಿ? ನನಗೆ ಕಾಣುವುದು ಎರಡನೆಯದು. ಹಗಲೆಲ್ಲ ಊರವರನ್ನು ವಿಚಾರಣೆ ಮಾಡುವ ಸುರ್ಜನ್ ರಾತ್ರಿ ನಿದ್ದೆ ಬಾರದೆ ಕಾರಿನಲ್ಲಿ ಸುತ್ತುತ್ತಾ ತನ್ನನ್ನೇ ವಿಚಾರಣೆ ಮಾಡಿಕೊಳ್ಳುತ್ತಾನೆ, ಮತ್ತು ಪ್ರತಿ ಸಲವೂ ತಾನೇ ತಪ್ಪಿತಸ್ಥ ಅಂತ ತೀರ್ಪು ಕೊಟ್ಟುಕೊಳ್ಳುತ್ತಾನೆ. ಆ ದಿನವನ್ನು ಅವನು ಮನಸ್ಸಿನಲ್ಲೇ ಬೇರೆ ಬೇರೆ ತರ ಆಡಿಸಿ ನೋಡುವ ದೃಶ್ಯ ಇದೆಯಲ್ಲ, ಮಗನನ್ನು ಕೂಗಿ ನಿಲ್ಲಿಸಿದ್ದರೆ, ತಾನೂ ಜೊತೆಗೆ ಹೋಗಿದ್ದರೆ, ಅದೊಂದು ಸಾಕು ನನಗೆ. ನಮ್ಮ ದೊಡ್ಡಪ್ಪನ ಮಗ ಕೆರೆಯಲ್ಲಿ ಹೋಗಿದ್ದು ನಾನು ಏಳನೇ ಕ್ಲಾಸಲ್ಲಿದ್ದಾಗ. ಆಮೇಲೆ ಎಷ್ಟೋ ವರ್ಷ ದೊಡ್ಡಪ್ಪ ಊಟಕ್ಕೆ ಕೂತಾಗ, ತಟ್ಟೆಯಲ್ಲಿ ಅನ್ನ ಕಲಸುತ್ತಾ, ಯಾರಿಗೂ ಅಲ್ಲ ಎನ್ನುವ ಹಾಗೆ ಹೇಳುತ್ತಿದ್ದರು: "ಅವತ್ತು ಸೈಕಲ್ ಬೀಗದ ಕೈ ನಾನು ಜೇಬಲ್ಲೇ ಇಟ್ಕೋಬೇಕಿತ್ತು." ದೊಡ್ಡಮ್ಮ ಸಾರು ಬಡಿಸುತ್ತಿದ್ದರು ಅಷ್ಟೇ, ಏನೂ ಹೇಳುತ್ತಿರಲಿಲ್ಲ. ಸುರ್ಜನ್ ಆಡುವುದೂ ಅದೇ ಸೈಕಲ್ ಬೀಗದ ಆಟ.

ಸರಿ, ದೆವ್ವದ ವಿಷಯಕ್ಕೆ ಬರೋಣ. ಸಿನಿಮಾ ಅದನ್ನು ಕೊನೆಯಲ್ಲಿ ತಂದು ಸುರಿಯುವುದಿಲ್ಲ, ಮೊದಲೇ ಮೇಜಿನ ಮೇಲೆ ಇಟ್ಟಿರುತ್ತದೆ. ಪಕ್ಕದ ಮನೆಯ ಫ್ರೆನಿ ಎಂಬ ಪಾರ್ಸಿ ಹೆಂಗಸು ಬಂದು ನಿಮ್ಮ ಮಗ ನನ್ನ ಜೊತೆ ಮಾತಾಡುತ್ತಾನೆ ಅನ್ನುತ್ತಾಳೆ. ಹೆಂಡತಿ ರೋಶ್ನಿ ನಂಬುತ್ತಾಳೆ, ಗಂಡ ರೇಗುತ್ತಾನೆ. ಆಗ ನಾವು ಯಾರ ಕಡೆ ಇದ್ದೆವು? ಗಂಡನ ಕಡೆ ತಾನೇ. ಪಾಪ ದುಃಖದಲ್ಲಿದ್ದಾಳೆ, ಏನೇನೋ ನಂಬ್ತಾಳೆ ಅಂದುಕೊಂಡೆವು. ಸುರ್ಜನ್ ಎಲ್ಲಿ ಏಮಾರಿದನೋ ನಾವೂ ಅಲ್ಲೇ ಏಮಾರಿದೆವು. ಕಥೆ ಬರೆದ ರೀಮಾ ಕಾಗ್ತಿ, ಝೋಯಾ ಅಖ್ತರ್ ಸುಳಿವನ್ನು ಹೆಂಡತಿಯ ಬಾಯಲ್ಲಿ ಇಟ್ಟರು, ನಾವು ಅವಳ ಮಾತು ಕೇಳಲಿಲ್ಲ.

ರೋಸಿಯದ್ದೂ ಅಷ್ಟೇ. ರಾತ್ರಿ ಸುತ್ತುವ ಸುರ್ಜನ್‌ಗೆ ಸಿಗುವ ವೇಶ್ಯೆ ಅವಳು, ಕೊನೆಗೆ ದೆವ್ವ ಅಂತ ಗೊತ್ತಾಗುವುದು ಅವಳೇ. ಕರೀನಾ ಕಪೂರ್ ಬರುವ ದೃಶ್ಯಗಳನ್ನು ಮತ್ತೆ ನೋಡಿ. ಅವಳ ಜೊತೆ ಮಾತಾಡುವವನು ಸುರ್ಜನ್ ಒಬ್ಬನೇ. ನಮ್ಮಂಥವರು ಲೆಕ್ಕಕ್ಕೇ ಇಲ್ಲ, ಕಾಣೆಯಾದರೆ ಯಾರಿಗೆ ಗೊತ್ತಾಗುತ್ತದೆ ಎಂಬ ಅರ್ಥದ ಮಾತನ್ನೂ ಆಡುತ್ತಾಳೆ. ಸುಮ್ನೆ ಬೇಸರದ ಮಾತು ಅಂದುಕೊಂಡಿದ್ದೆ. ಅದು ದೂರು. ಅರ್ಮಾನ್ ಮತ್ತು ಗೆಳೆಯರ ಕಾರಿನಿಂದ ಕೆಳಗೆ ಬಿದ್ದ, ಅವರು ರಸ್ತೆಯಲ್ಲೇ ಬಿಟ್ಟುಹೋದ, ಹಾಗೇ ಸತ್ತ ಹುಡುಗಿ ಅವಳು. ಸ್ಟೇಷನ್‌ಗೆ ಬಂದು ಎಫ್‌ಐಆರ್ ಹಾಕಿಸಲು ಆಗದವಳು ತಾನೇ ಒಬ್ಬ ಪೊಲೀಸನನ್ನು ಹುಡುಕಿಕೊಂಡಳು, ಅದೂ ನಿದ್ದೆ ಬಾರದವನನ್ನು.

ನ್ಯಾಯ ಸಿಕ್ಕಿತಾ ಅಂದರೆ, ಕೋರ್ಟು ಕೊಡುವಂಥದ್ದು ಸಿಗಲಿಲ್ಲ. ಇದನ್ನೆಲ್ಲ ಕೇಸ್ ಫೈಲಿನಲ್ಲಿ ಹೇಗೆ ಬರೆಯೋಕಾಗುತ್ತೆ? ಸುರ್ಜನ್ ಮಾಡುವುದು ಇಷ್ಟೇ: ನದಿ ದಡದಲ್ಲಿ ಹೂತಿದ್ದ ಅವಳ ಮೂಳೆಗಳನ್ನು ಅಗೆದು ತೆಗೆದು ಸುಡುತ್ತಾನೆ. ಆಮೇಲೆ ಮನೆಗೆ ಹೋಗಿ, ಫ್ರೆನಿಯ ಮೂಲಕ ಮಗ ಬರೆಸಿದ ಪತ್ರ ಓದಿ ಅಳುತ್ತಾನೆ. ಸಿನಿಮಾ ಪೂರ್ತಿ ಗಂಟುಮುಖ ಹಾಕಿಕೊಂಡಿದ್ದ ಮನುಷ್ಯ ಅಷ್ಟು ಹೊತ್ತಿಗೆ ಅತ್ತಿದ್ದು ನನಗೆ ಸಮಾಧಾನವೇ ಆಯಿತು.

ಹಾಗಂತ ಎಲ್ಲ ಚೆನ್ನಾಗಿದೆ ಅನ್ನಲ್ಲ. ನಡುವೆ ಎಳೆಯುತ್ತದೆ. ಆ ರಾತ್ರಿಯ ಗುಟ್ಟು ಹಿಡಿದು ಅರ್ಮಾನ್‌ನಿಂದ ಕಿತ್ತ ಬ್ಲ್ಯಾಕ್‌ಮೇಲ್ ದುಡ್ಡಿನ ಕಥೆ ನನಗೆ ಎರಡನೇ ಸಲವೂ ಬೇಸರ ತಂದಿತು, ಕುಂಟುತ್ತಾ ನಡೆಯುವ ತೈಮೂರ್ ಆಗಿ ನವಾಜುದ್ದೀನ್ ಸಿದ್ದಿಕಿ ಇಲ್ಲದಿದ್ದರೆ ಆ ಭಾಗ ಓಡಿಸಿಬಿಡುತ್ತಿದ್ದೆ. ಕೊನೆಗೆ ಸುರ್ಜನ್ ಕಾರೂ ಸಮುದ್ರಕ್ಕೆ ಬಿದ್ದಾಗ ನೀರಿನೊಳಗೆ ರೋಸಿ ಬಂದು ಅವನನ್ನು ಉಳಿಸುವ ದೃಶ್ಯವನ್ನು ಅಷ್ಟು ಬಿಡಿಸಿ ತೋರಿಸಬಾರದಿತ್ತು. ನಿಮಗೆ ಟೋಪಿ ಅನ್ನಿಸಿದ್ದು ಬಹುಶಃ ಅಲ್ಲೇ, ಅದನ್ನು ಒಪ್ಪುತ್ತೇನೆ.

ದೆವ್ವ ಗಿವ್ವ ಬೇಡವೇ ಬೇಡ, ಆದರೆ ಮನೆಯವರನ್ನು ಕಳೆದುಕೊಂಡ ಪೊಲೀಸನ ಕಥೆ ಬೇಕು ಅಂದರೆ ನಮ್ಮ ಕವಲುದಾರಿ ನೋಡಿ. 2019ರದ್ದು, ಹೇಮಂತ್ ರಾವ್ ನಿರ್ದೇಶನ. ಮೆಟ್ರೋಗೆ ಅಗೆಯುವಾಗ ಸಿಕ್ಕ ತಲೆಬುರುಡೆಗಳು ತುರ್ತು ಪರಿಸ್ಥಿತಿಯ ಕಾಲದ ಹಳೇ ಕೇಸಿಗೆ ಕರೆದೊಯ್ಯುತ್ತವೆ, ಅದನ್ನು ಹಿಂದೆ ಬೆನ್ನು ಹತ್ತಿದ್ದ ನಿವೃತ್ತ ಪೊಲೀಸ್ ಮುತ್ತಣ್ಣನಾಗಿ ಅನಂತನಾಗ್ ಇದ್ದಾರೆ. ಅವರು ಮಾತಾಡದೆ ಸುಮ್ಮನೆ ಕೂತಿರುವ ದೃಶ್ಯಗಳಿಗಾಗಿಯಾದರೂ ನೋಡಿ. ಫೋನ್ ಮಾತ್ರ ಬದಿಗಿಟ್ಟು ಕೂರಿ, ಹಳೇ ಕಾಲಕ್ಕೂ ಈಗಿನದಕ್ಕೂ ಓಡಾಡುವ ಕಥೆ, ಐದು ನಿಮಿಷ ಬಿಟ್ಟರೆ ಯಾರು ಯಾರು ಅಂತ ತಲೆ ಕೆರೆದುಕೊಳ್ಳಬೇಕಾಗುತ್ತದೆ.