ಶಿವಮೊಗ್ಗದಲ್ಲೇ ಇಷ್ಟು ಫೌಂಡ್ರಿ ಇದ್ದರೂ ಐಟಿಐ ಹುಡುಗರು ಬೆಂಗಳೂರಿಗೆ ಯಾಕೆ ಹೋಗ್ತಾರೆ?

ಕಾರ್ಖಾನೆಯವರು ಜನ ಸಿಗ್ತಿಲ್ಲ ಅಂತಾರೆ, ಐಟಿಐ ಮುಗಿಸಿದ ತಮ್ಮ ಕೆಲಸ ಸಿಗ್ತಿಲ್ಲ ಅಂತಾನೆ, ಯಾರನ್ನ ನಂಬೋದು ಅಂತ ಕೇಳಿದ್ದೀರಿ. ಇಬ್ಬರನ್ನೂ ನಂಬಿ. ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯೋ ಮಾಚೇನಹಳ್ಳಿಯ ಫೌಂಡ್ರಿಯೊಂದರಲ್ಲಿ ಹದಿನೇಳು ವರ್ಷದಿಂದ ಮೋಲ್ಡಿಂಗ್, ಅಂದ್ರೆ ಮರಳಿನ ಅಚ್ಚು ಮಾಡೋ ಕೆಲಸ, ನೋಡ್ಕೊತಿದ್ದೀನಿ, ಎರಡೂ ಮಾತು ದಿನಾ ಕಿವಿಗೆ ಬೀಳುತ್ತೆ.

ಹೋದ ವರ್ಷ ಗಾಜನೂರು ಕಡೆಯ ಹುಡುಗನೊಬ್ಬ ಬಂದ. ಫಿಟ್ಟರ್, ಒಳ್ಳೆ ಅಂಕ. ಅಚ್ಚಿಗೆ ಕಲಸಿದ ಮರಳನ್ನ ಮುಷ್ಟೀಲಿ ಹಿಂಡು ಅಂದೆ. ಬೆರಳಿನ ಗುರುತು ಉಳೀಬೇಕು, ಮುರಿದರೆ ಅಂಚು ಉದುರದೆ ಎರಡು ತುಂಡಾಗಬೇಕು. ಅಂಗೈಗೆ ಮೆತ್ತಿಕೊಂಡರೆ ನೀರು ಜಾಸ್ತಿ. ಅಂಥ ಅಚ್ಚಿಗೆ ಕಬ್ಬಿಣ ಹೊಯ್ದರೆ ಆವಿ ಒಳಗೇ ಸಿಕ್ಕಿ ಕಾಸ್ಟಿಂಗ್ (ಎರಕದ ತುಂಡು) ತುಂಬಾ ತೂತು. ಪಾಪ, ಅವನು ಈ ಮರಳನ್ನ ಮುಟ್ಟೇ ಇರಲಿಲ್ಲ. ಇದನ್ನೇ ಕಲಿಸೋಕೆ ಐಟಿಐನಲ್ಲಿ ಫೌಂಡ್ರಿಮನ್ ಅಂತ ಒಂದು ವರ್ಷದ ಟ್ರೇಡೇ ಇದೆ, ಆದರೆ ಹೆಸರೆತ್ತಿದರೆ ಮನೆಯವರು "ಕುಲುಮೆ ಕೆಲಸಾನಾ?" ಅಂತ ಮುಖ ಸಿಂಡರಿಸ್ತಾರೆ.

ನಮ್ಮ ಕಡೆಯ ತಪ್ಪೇ ದೊಡ್ಡದು. ಫಿಟ್ಟರ್, ಟರ್ನರ್ ಕೋರ್ಸಿಗೆ ಎರಡು ವರ್ಷ ಬೇಕು. ಹೊಸ ಮೆಷಿನ್ ಹಾಕೋ ವಿಷಯ ಬ್ಯಾಂಕಿಗೆ ಮೊದಲೇ ಹೇಳ್ತೀವಿ, ಕರೆಂಟಿಗೆ ಮೆಸ್ಕಾಂಗೂ ಅರ್ಜಿ ಹಾಕ್ತೀವಿ. ಇಂಥ ಕೆಲಸ ಗೊತ್ತಿರೋ ಹುಡುಗರು ಬೇಕಾಗ್ತಾರೆ ಅಂತ ಐಟಿಐ ಪ್ರಿನ್ಸಿಪಾಲರಿಗೆ ಮಾತ್ರ ಯಾರೂ ಒಂದು ಫೋನ್ ಮಾಡಲ್ಲ. ಆರ್ಡರ್ ಬಂದ ದಿನ ಗೇಟಿಗೆ "ಬೇಕಾಗಿದ್ದಾರೆ" ಬೋರ್ಡು!

ನನಗೆ ಕೆಲಸ ಕಲಿಸಿದವರು 1923ರಲ್ಲಿ ಶುರುವಾದ ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ ರಿಟೈರ್ ಆದವರು. ಅವರು ಕಲಿತಿದ್ದು ಫರ್ನೇಸ್ ಪಕ್ಕದಲ್ಲೇ ನಿಂತು. ಅದಕ್ಕೆ ಇವತ್ತೂ ದಾರಿ ಇದೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 30 ಅಥವಾ ಹೆಚ್ಚು ಜನರಿರೋ ಸಂಸ್ಥೆ, ಒಟ್ಟು ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನ, ಅಂದ್ರೆ ಕೆಲಸ ಮಾಡ್ತಾ ಕಲಿಯೋರನ್ನ, ತಗೊಳ್ಳಲೇಬೇಕು. ಕೆಲವರು ತಗೊಂಡು ನೆಲ ಗುಡಿಸೋಕೆ ಹಚ್ಚುತ್ತಾರೆ, ಅದು ಬೇರೆ ಕತೆ.

ಗಾಜನೂರಿನ ಹುಡುಗ ಆರು ತಿಂಗಳಲ್ಲಿ ಮರಳು ಚೆನ್ನಾಗೇ ಕಲಿತ. ಆಮೇಲೆ ಬೆಂಗಳೂರಿನ ಪೀಣ್ಯಕ್ಕೆ ಹೊರಟ. ಅಲ್ಲಿ ಜಾಸ್ತಿ ಸಿಗೋ ಸಂಬಳ ರೂಮ್ ಬಾಡಿಗೆಗೇ ಸರಿಹೋಗುತ್ತಲ್ಲೋ ಅಂದೆ. "ಸೆಕೆಂಡ್ ಶಿಫ್ಟ್ ಬಿಟ್ಟಮೇಲೆ ಊರಿಗೆ ಬಸ್ಸಿಲ್ಲ ಸಾರ್, ದಿನಾ ಯಾರ ಬೈಕಿಗೆ ಕೈ ಅಡ್ಡ ಹಾಕಲಿ?" ಅಂದ. ಶಿವಮೊಗ್ಗದ ಸೋಗಾನೆಯಲ್ಲಿ 2023ರಿಂದ ವಿಮಾನ ಇಳೀತಿದೆ, ಬಸ್ ಮಾತ್ರ ಇಲ್ಲ ನೋಡಿ.

ನಿಮ್ಮ ತಮ್ಮನಿಗೆ ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸೋಕೆ ಹೇಳಿ. ಸ್ಟೈಪೆಂಡ್ ಎಷ್ಟು ಅಂತ ಆಮೇಲೆ ಕೇಳಲಿ, ಯಾವ ಸೆಕ್ಷನ್‌ಗೆ ಹಾಕ್ತೀರ, ಕಲಿಸೋರು ಯಾರು ಅಂತ ಮೊದಲು ಕೇಳಲಿ.